ನೋಯದ ಹುಣ್ಣಿನ ಚರಿತ್ರೆ

1939ರಲ್ಲಿ ‘ಲೆಪ್ರಸಿ ಇನ್ ಇಂಡಿಯಾ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಜೋಸೆಫ್ ಕಾನ್ ಎಂಬ ವೈದ್ಯರ ಲೇಖನವೊಂದು ಅಚ್ಚಾಯಿತು. ವಿಷಯ, ಕುಷ್ಠರೋಗ ಬಂದವರ ಅಂಗಾಲಿನಲ್ಲಿ ಏಳುವ, ವರ್ಷಗಟ್ಟಲೆ ಮಾಯದ ಹುಣ್ಣು. ಚಿಕಿತ್ಸೆ, ಮುರಿದ ಮೂಳೆಗೆ ಹಾಕುವ ಪ್ಲಾಸ್ಟರ್ ಆಫ್ ಪ್ಯಾರಿಸ್. ಹುಣ್ಣಿರುವ ಕಾಲಿಗೆ ಪ್ಲಾಸ್ಟರ್ ಸುತ್ತಿ, ರೋಗಿ ಅದರ ಮೇಲೆಯೇ ನಡೆದಾಡಿಕೊಂಡಿರಲು ಬಿಟ್ಟುಬಿಡುವುದು. ಹೆಚ್ಚುಕಡಿಮೆ ಅದೇ ದಶಕದಲ್ಲಿ ಸಿಲೋನಿನಲ್ಲಿ ಮಿಲ್ರಾಯ್ ಪಾಲ್ ಎಂಬ ಶಸ್ತ್ರವೈದ್ಯರೂ ಇದೇ ದಾರಿ ಹಿಡಿದಿದ್ದರು. ಇವತ್ತು ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೆ ಜಗತ್ತಿನ ತಜ್ಞರು ಮೊದಲ ಆಯ್ಕೆಯಾಗಿ ಹೇಳುವ ‘ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್’ ಎಂಬ ಚಿಕಿತ್ಸೆಯ ವಂಶಾವಳಿ ಹುಡುಕುತ್ತ ಹೋದರೆ, ಕೊನೆಗೆ ಬಂದು ನಿಲ್ಲುವುದು ಊರಾಚೆಯ ಈ ಕುಷ್ಠದ ಆಸ್ಪತ್ರೆಗಳ ಬಾಗಿಲಿಗೇ.

ನನ್ನ ಪಿಎಚ್.ಡಿ. ಅಧ್ಯಯನ ದಕ್ಷಿಣ ಭಾರತದ ಮಿಷನ್ ಆಸ್ಪತ್ರೆಗಳ ಮೇಲೆ. ಈ ಹುಣ್ಣಿನ ವಿಷಯ ನನ್ನ ಪ್ರಬಂಧದಲ್ಲಿ ಒಂದು ಅಡಿಟಿಪ್ಪಣಿಯಾಗಿ ಮುಗಿಯಬೇಕಿತ್ತು. ಆದರೆ ಓದುತ್ತ ಹೋದಂತೆ ಇದು ಬರೀ ಔಷಧದ ಕತೆಯಲ್ಲ, ಒಂದು ಹಳೆಯ ವಾದದ ಕತೆ ಅನ್ನಿಸಿತು. ಮಾಯದ ಹುಣ್ಣಿನ ತಪ್ಪು ಯಾರದ್ದು? ದೇಹದ ಒಳಗಿನದ್ದೋ, ಹೊರಗಿನದ್ದೋ?

ವಾದ ನಿಜಕ್ಕೂ ಹಳೆಯದು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದ ಹೆಸರೇ ‘ದ್ವಿವ್ರಣೀಯ’. ವ್ರಣ ಎರಡು ಬಗೆ. ದೇಹದೊಳಗಿನ ದೋಷ ಕೆಟ್ಟು ಹುಟ್ಟುವುದು ಶಾರೀರ. ಕತ್ತಿ, ಕಲ್ಲು, ಮುಳ್ಳು, ಬೆಂಕಿ, ಪ್ರಾಣಿಗಳಿಂದ ಆಗುವುದು ಆಗಂತು. ಅದೇ ಅಧ್ಯಾಯದಲ್ಲಿ ವ್ರಣಕ್ಕೆ ಅರವತ್ತು ಉಪಕ್ರಮಗಳಿವೆ. ಆಗಂತುವಾಗಿ ಬಂದದ್ದು ಕಾಲ ಕಳೆದಂತೆ ದೋಷ ಕೂಡಿಕೊಂಡು ಶಾರೀರದಂತೆಯೇ ಆಗಿಬಿಡಬಹುದು ಎಂಬ ತಿಳಿವಳಿಕೆಯೂ ಅಲ್ಲಿದೆ. ಎಷ್ಟು ಚಿಕಿತ್ಸೆ ಮಾಡಿದರೂ ಜಗ್ಗದ ಹುಣ್ಣಿಗೆ ‘ದುಷ್ಟವ್ರಣ’ ಎಂದು ಹೆಸರು. ನಮ್ಮ ಮನೆಗಳಲ್ಲಿ ಉಳಿದುಕೊಂಡಿರುವುದು ಈ ಎರಡರಲ್ಲಿ ಮೊದಲನೆಯದು. ಗಾಯ ಒಣಗಲಿಲ್ಲವೆಂದರೆ ‘ನಂಜು ಏರಿದೆ’ ಎನ್ನುತ್ತೇವೆ. ಬದನೆಕಾಯಿ ಬೇಡ, ಹಲಸು ಬೇಡ, ಒಣಮೀನು ಮುಟ್ಟಬೇಡ ಎಂದು ಪಥ್ಯ ಶುರುವಾಗುತ್ತದೆ. ಹುಣ್ಣು ಕಾಲಿನಲ್ಲಿ, ತಪ್ಪು ಮಾತ್ರ ರಕ್ತದ್ದು. ಇದನ್ನು ಹಳ್ಳಿಗರ ಮೂಢನಂಬಿಕೆ ಎಂದು ನಗುವ ಮುನ್ನ, ಪ್ಯಾರಿಸ್ಸಿನ ದೊಡ್ಡ ವೈದ್ಯರು ಏನು ಹೇಳುತ್ತಿದ್ದರು ನೋಡೋಣ.

ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಫ್ರೆಂಚ್ ವೈದ್ಯರು ಅಂಗಾಲಿನ ಒಂದು ವಿಚಿತ್ರ ಹುಣ್ಣನ್ನು ಗುರುತಿಸಿದರು. ಮೇಲೆ ದಪ್ಪಗೆ ಜಡ್ಡುಗಟ್ಟಿದ ಚರ್ಮ, ನಡುವೆ ಸಣ್ಣ ತೂತು. ಸಲಾಕೆ ಹಾಕಿದರೆ ಮೂಳೆಗೆ ಹೋಗಿ ತಾಗುತ್ತದೆ. ರೋಗಿಗೆ ನೋವಿಲ್ಲ. ‘ಮಾಲ್ ಪೆರ್ಫೊರಾಂ’, ತೂತು ಕೊರೆಯುವ ಬೇನೆ ಎಂದು ಹೆಸರಿಟ್ಟರು. 1873ರಲ್ಲಿ ಡ್ಯುಪ್ಲೇ ಮತ್ತು ಮೊರಾ ಎಂಬಿಬ್ಬರು ಇದರ ಮೂಲ ನರದಲ್ಲಿದೆ ಎಂದು ತೋರಿಸಿದರು. ಅಲ್ಲಿಯತನಕ ಸರಿಯೇ. ಆದರೆ ನರ ಹಾಳಾದರೆ ಹುಣ್ಣೇಕೆ ಆಗಬೇಕು? ಆ ಕಾಲದ ಉತ್ತರ: ನರಗಳು ಸ್ಪರ್ಶವನ್ನಷ್ಟೇ ಒಯ್ಯುವುದಿಲ್ಲ, ಮಾಂಸಖಂಡಕ್ಕೆ ಒಂದು ಬಗೆಯ ಪೋಷಣೆಯನ್ನೂ ಕೊಡುತ್ತವೆ; ಆ ಪೋಷಣೆ ನಿಂತಾಗ ಮಾಂಸ ತಾನಾಗಿ ಕೊಳೆಯುತ್ತದೆ. ‘ಟ್ರೋಫಿಕ್ ಹುಣ್ಣು’ ಎಂಬ ಹೆಸರು ಹುಟ್ಟಿದ್ದು ಹೀಗೆ. ಗ್ರೀಕಿನಲ್ಲಿ ‘ಟ್ರೋಫೆ’ ಎಂದರೆ ಪೋಷಣೆ. ನಮ್ಮ ನಂಜಿಗೂ ಇದಕ್ಕೂ ಭಾಷೆಯಲ್ಲಿ ಮಾತ್ರ ವ್ಯತ್ಯಾಸ. ಎರಡರಲ್ಲೂ ಕೇಡು ಒಳಗಿನಿಂದಲೇ ಬರುತ್ತದೆ, ಹೊರಗಿನವರು ಮಾಡಬಹುದಾದದ್ದು ಕಡಿಮೆ.

ಈ ಸಿದ್ಧಾಂತಕ್ಕೆ ಉತ್ತರ ಅದಾಗಲೇ ಸಿಕ್ಕಿತ್ತು ಎನ್ನುವುದೇ ತಮಾಷೆ. ಮೊಲದ ಮುಖದ ಸ್ಪರ್ಶದ ನರವನ್ನು ಕತ್ತರಿಸಿದರೆ ಅದರ ಕಣ್ಣು ಹುಣ್ಣಾಗುತ್ತದೆ ಎಂದು 1824ರಲ್ಲಿ ಮಜಾಂಡಿ ತೋರಿಸಿದ್ದ. ಪೋಷಣೆಯ ವಾದಕ್ಕೆ ಅದೇ ದೊಡ್ಡ ಪುರಾವೆಯಾಗಿತ್ತು. 1857ರಲ್ಲಿ ಹಾಲೆಂಡಿನ ಹರ್ಮನ್ ಸ್ನೆಲೆನ್ (ಹೌದು, ಕಣ್ಣಿನ ಡಾಕ್ಟರ ಗೋಡೆಯ ಮೇಲಿನ ಅಕ್ಷರಗಳ ಪಟ ಮಾಡಿದಾತನೇ) ನರ ಕತ್ತರಿಸಿದ ಮೊಲದ ಕಿವಿಯನ್ನು ಬಗ್ಗಿಸಿ ಅದರದ್ದೇ ಕಣ್ಣಿನ ಮುಂದೆ ಹೊಲಿದುಬಿಟ್ಟ. ಕಿವಿಯ ಮರೆಯಲ್ಲಿದ್ದ ಕಣ್ಣು ಹುಣ್ಣಾಗಲಿಲ್ಲ. ಅಂದರೆ ಕಣ್ಣು ಕೆಟ್ಟದ್ದು ಪೋಷಣೆ ತಪ್ಪಿದ್ದರಿಂದಲ್ಲ. ಧೂಳು, ಕಡ್ಡಿ ತಾಗಿದ್ದು ಗೊತ್ತಾಗದೆ ಹೋದದ್ದರಿಂದ. ಇಷ್ಟು ಸರಳವಾದ ಪ್ರಯೋಗ, ಇಷ್ಟು ಸ್ಪಷ್ಟವಾದ ಉತ್ತರ. ಆದರೂ ಅಂಗಾಲಿನ ಹುಣ್ಣಿಗೆ ಅದನ್ನು ಅನ್ವಯಿಸಿ ನೋಡಲು ವೈದ್ಯಲೋಕಕ್ಕೆ ಇನ್ನೂ ಬಹುಪಾಲು ಒಂದು ಶತಮಾನ ಬೇಕಾಯಿತು. ವಿಜ್ಞಾನದ ಚರಿತ್ರೆಯನ್ನು ನೇರ ಏರುದಾರಿ ಎಂದು ಪಾಠ ಮಾಡುವವರಿಗೆ ನಾನು ಈ ಮೊಲದ ಕತೆ ಹೇಳುತ್ತಿರುತ್ತೇನೆ.

ಹುಣ್ಣು ಯಾಕೆ ಮಾಯುವುದಿಲ್ಲ ಎಂಬುದು ವೈದ್ಯರ ಜಿಜ್ಞಾಸೆಯಷ್ಟೇ ಆಗಿದ್ದರೆ ತಡವಾದರೂ ಚಿಂತೆಯಿರಲಿಲ್ಲ. ಭಾರತದಲ್ಲಿ ಅದರ ಮೇಲೆ ಮನುಷ್ಯರ ಬದುಕು ನಿಂತಿತ್ತು. 1898ರ ಲೆಪರ್ಸ್ ಆಕ್ಟ್ ಮೊದಲು ಬಂದಾಗ, ಕಾನೂನಿನ ಕಣ್ಣಿನಲ್ಲಿ ಕುಷ್ಠರೋಗಿ ಯಾರು ಎಂಬುದಕ್ಕೆ ಅದು ಕೊಟ್ಟ ಲಕ್ಷಣ ಹುಣ್ಣೇ. ರೋಗದ ಬಗೆ ಯಾವುದಾದರೂ ಇರಲಿ, ಹುಣ್ಣಾಗುವುದು ಶುರುವಾಗಿದ್ದರೆ ಆತ ಆ ಕಾಯ್ದೆಯ ವ್ಯಾಪ್ತಿಗೆ ಬಂದ. ಅಂಥವನು ಬಡವನಾಗಿದ್ದು ಬೀದಿಯಲ್ಲಿ ಬೇಡುತ್ತಿದ್ದರೆ ಪೊಲೀಸರು ವಾರಂಟ್ ಇಲ್ಲದೆ ಹಿಡಿದು ಆಶ್ರಮಕ್ಕೆ ಸೇರಿಸಬಹುದಿತ್ತು. ಸಾರ್ವಜನಿಕ ಬಾವಿ, ಕೆರೆಯ ನೀರು ಮುಟ್ಟದಂತೆ, ಬಾಡಿಗೆ ಗಾಡಿ ಹತ್ತದಂತೆ, ಕೆಲವು ಕಸುಬು ಮಾಡದಂತೆ ತಡೆಯುವ ಅಧಿಕಾರವೂ ಅದರಲ್ಲಿತ್ತು. ಆದರೆ ಕುಷ್ಠದ ರೋಗಾಣು ಹರಡುವುದು ಮುಖ್ಯವಾಗಿ ಮೂಗು, ಬಾಯಿಯ ಹನಿಗಳ ಮೂಲಕ. ಅಂಗಾಲಿನ ಹುಣ್ಣಿನಲ್ಲಿ ರೋಗಾಣು ಸಾಮಾನ್ಯವಾಗಿ ಇರುವುದೇ ಇಲ್ಲ. ಯಾವ ಗುರುತು ನೋಡಿ ಜನರನ್ನು ಊರಿನಿಂದ ಆಚೆ ಹಾಕಿದರೋ ಅದು ಅಂಟುವ ಗುರುತೇ ಆಗಿರಲಿಲ್ಲ. ಈ ಕಾಯ್ದೆ ಸಂಪೂರ್ಣವಾಗಿ ರದ್ದಾದದ್ದು 2016ರಲ್ಲಿ.

ಕಾಯ್ದೆಗೂ ಮೊದಲೇ ಆಶ್ರಮಗಳು ಎದ್ದಿದ್ದವು. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಆಗಸ್ಟಸ್ ಮುಲ್ಲರ್ ಎಂಬ ಜೆಸ್ವಿಟ್ ಪಾದ್ರಿ 1880ರಲ್ಲಿ ಬಡವರಿಗೆಂದು ಹೋಮಿಯೋಪಥಿ ಔಷಧಾಲಯ ತೆರೆದು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನೂ ಕಟ್ಟಿದರು. ಇಂಥ ಕಡೆಗಳಲ್ಲಿ ಹುಣ್ಣು ತೊಳೆಯುವುದು, ಬಟ್ಟೆ ಕಟ್ಟುವುದು ದಿನದ ದೊಡ್ಡ ಕೆಲಸ. ಬೆಳಿಗ್ಗೆ ಕಟ್ಟಬೇಕು, ಮಾರನೆಯ ದಿನ ಬಿಚ್ಚಿ ತೊಳೆದು ಮತ್ತೆ ಕಟ್ಟಬೇಕು. ಬೇರೆಯವರು ಹತ್ತಿರ ನಿಲ್ಲಲೂ ಹೇಸುತ್ತಿದ್ದ ಕಾಲದಲ್ಲಿ ಆ ಪಾದಗಳನ್ನು ಕೈಯಲ್ಲಿ ಹಿಡಿದು ತೊಳೆದವರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಸೇವೆಯ ಒಳಗೊಂದು ಕೈಚೆಲ್ಲಿದ ಭಾವವೂ ಇತ್ತು: ತೊಳೆಯಬಹುದು, ಮಾಯಿಸಲು ಆಗದು.

ಇಲ್ಲಿಗೆ ಪಾಲ್ ಬ್ರ್ಯಾಂಡ್ ಬರುತ್ತಾರೆ. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಇಂಗ್ಲಿಷ್ ಮಿಷನರಿ ದಂಪತಿಗೆ ಹುಟ್ಟಿದವರು. ಲಂಡನ್ನಿನಲ್ಲಿ ವೈದ್ಯ ಓದಿ, ಯುದ್ಧಕಾಲದಲ್ಲಿ ಅಲ್ಲೇ ಶಸ್ತ್ರವೈದ್ಯರಾಗಿ ಪಳಗಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕರೆಸಿಕೊಂಡವರು ರಾಬರ್ಟ್ ಕಾಕ್ರೇನ್. ಕುಷ್ಠಕ್ಕೆ ಸಲ್ಫೋನ್ ಔಷಧವನ್ನು ಭಾರತದಲ್ಲಿ ಮೊದಮೊದಲು ಬಳಸಿದವರಲ್ಲಿ ಅವರೊಬ್ಬರು. ಕಾಕ್ರೇನ್ ಬ್ರ್ಯಾಂಡರನ್ನು ಚೆಂಗಲ್ಪಟ್ಟಿನ ಕುಷ್ಠದ ಆಸ್ಪತ್ರೆಗೆ ಕರೆದೊಯ್ದು ಕೊಕ್ಕೆಯಂತೆ ಮಡಿಚಿದ ಕೈಗಳನ್ನು ತೋರಿಸಿದರು. ಇಷ್ಟು ರೋಗಿಗಳಿರುವ ದೇಶದಲ್ಲಿ ಇವರ ಕೈಕಾಲಿಗೆ ಏನಾಗುತ್ತದೆ ಎಂದು ಒಬ್ಬ ಮೂಳೆಯ ಶಸ್ತ್ರವೈದ್ಯನೂ ಯಾಕೆ ಅಧ್ಯಯನ ಮಾಡಿಲ್ಲ ಎಂಬುದು ಅವರ ದೂರು. ಮಾಡದೆ ಇದ್ದುದಕ್ಕೆ ಕಾರಣ ಇತ್ತು. ಕುಷ್ಠದವರ ಮಾಂಸವೇ ‘ಕೆಟ್ಟ ಮಾಂಸ’, ಚಾಕು ಹಾಕಿದರೆ ಗಾಯ ಕೂಡಿಕೊಳ್ಳುವುದಿಲ್ಲ ಎಂಬ ನಂಬಿಕೆ ವೈದ್ಯರಲ್ಲೇ ಬಲವಾಗಿತ್ತು.

ಬ್ರ್ಯಾಂಡ್ ಚಾಕು ಹಾಕಿದರು. ಮಡಿಚಿದ ಬೆರಳುಗಳನ್ನು ಬಿಡಿಸಲು ಸ್ನಾಯುರಜ್ಜುಗಳನ್ನು ಜಾಗ ಬದಲಿಸಿ ಜೋಡಿಸುವ ಶಸ್ತ್ರಕ್ರಿಯೆಗಳು ಅವು. ಆ ಗಾಯಗಳು ಎಲ್ಲರ ಗಾಯದಂತೆಯೇ ಮಾದವು. ಇಡೀ ಚರಿತ್ರೆ ತಿರುಗಿದ್ದು ಇಲ್ಲಿ ಎಂದು ನನ್ನ ಎಣಿಕೆ. ಯಾಕೆಂದರೆ ಶಸ್ತ್ರಕ್ರಿಯೆಯ ಗಾಯ ಮಾಯುವುದಾದರೆ ಮಾಂಸದಲ್ಲಿ ದೋಷವಿಲ್ಲ. ಹಾಗಾದರೆ ಅದೇ ಮನುಷ್ಯನ ಅಂಗಾಲಿನ ಹುಣ್ಣು ಯಾಕೆ ಮಾಯುವುದಿಲ್ಲ? ಕೈಯ ಗಾಯಕ್ಕೆ ಪಟ್ಟಿ ಕಟ್ಟಿ ಅಲ್ಲಾಡದಂತೆ ಇಟ್ಟಿದ್ದರು. ಕಾಲಿನ ಹುಣ್ಣನ್ನು ಮಾತ್ರ ರೋಗಿ ದಿನಕ್ಕೆ ಸಾವಿರಾರು ಸಲ ತುಳಿಯುತ್ತಿದ್ದ.

ನಾವು ನೀವು ಕಾಲಿಗೆ ಮುಳ್ಳು ಚುಚ್ಚಿದರೆ ಕುಂಟುತ್ತೇವೆ. ಕುಂಟುವುದು ಒಂದು ಚಿಕಿತ್ಸೆ ಎಂದು ನಮಗೆ ಹೊಳೆಯುವುದೇ ಇಲ್ಲ. ಚಪ್ಪಲಿ ಕಚ್ಚಿದಲ್ಲಿ ಭಾರ ಹಾಕದೆ ಪಾದವನ್ನು ಓರೆಯಾಗಿ ಊರುವುದು, ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುವುದು, ಇವೆಲ್ಲ ನೋವು ನಮ್ಮಿಂದ ಹೇಳದೆ ಕೇಳದೆ ಮಾಡಿಸುವ ಕೆಲಸ. ಎತ್ತಿನ ಹುಣ್ಣಿನ ನೋವು ಕಾಗೆಗೇನು ಗೊತ್ತು ಎನ್ನುತ್ತಾರೆ. ಇಲ್ಲಿ ಎತ್ತಿಗೇ ಗೊತ್ತಿಲ್ಲ. ಮೂಳೆ ಕಾಣುವಂಥ ಹುಣ್ಣನ್ನು ಊರಿಕೊಂಡು ನೆಟ್ಟಗೆ, ಸಲೀಸಾಗಿ ನಡೆದುಬರುವ ರೋಗಿಗಳನ್ನು ಕಂಡು ಬ್ರ್ಯಾಂಡ್ ದಿಗಿಲುಬಿದ್ದಿದ್ದರು.

1951ರಲ್ಲಿ ವೆಲ್ಲೂರಿನ ಆವರಣದಲ್ಲಿ ಅವರು ‘ನವಜೀವ ನಿಲಯಂ’ ಎಂಬ ಪುಟ್ಟ ಊರನ್ನೇ ಮಾಡಿದರು. ಕೈ ಸರಿಯಾದವರು ಅಲ್ಲಿದ್ದು ಕಸುಬು ಕಲಿಯಬೇಕು. ಅಲ್ಲಿ ನಡೆದದ್ದು ಒಂದು ಪತ್ತೇದಾರಿ ಕೆಲಸ. ಪ್ರತಿಯೊಂದು ಹೊಸ ಗಾಯಕ್ಕೂ ಕಾರಣ ಹುಡುಕಬೇಕು, ‘ರೋಗದಿಂದ ಬಂತು’ ಎನ್ನುವ ಉತ್ತರಕ್ಕೆ ಜಾಗವಿಲ್ಲ. ತುಕ್ಕು ಹಿಡಿದ ಬೀಗವನ್ನು ಬ್ರ್ಯಾಂಡರಿಗೆ ತೆರೆಯಲಾಗದಿದ್ದಾಗ ಒಬ್ಬ ಹುಡುಗ ಸುಲಭವಾಗಿ ಕೀಲಿ ತಿರುಗಿಸಿಬಿಟ್ಟ. ನೋಡಿದರೆ ಕೀಲಿ ಬೆರಳಿನ ಮಾಂಸ ಕತ್ತರಿಸಿ ಮೂಳೆಗೆ ಮುಟ್ಟಿತ್ತು. ಹುಡುಗನ ಶಕ್ತಿಯ ಗುಟ್ಟು, ಎಲ್ಲಿ ನಿಲ್ಲಿಸಬೇಕೆಂದು ಹೇಳುವ ನೋವು ಅವನಿಗಿಲ್ಲದ್ದು. ಕೆಲವರ ಬೆರಳ ತುದಿ ಮಾತ್ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮಾಯವಾಗಿರುತ್ತಿತ್ತು. ಕುಷ್ಠದಲ್ಲಿ ಬೆರಳು ಉದುರುತ್ತದೆ ಎಂದು ಶತಮಾನಗಳಿಂದ ಜನ ನಂಬಿದ್ದಕ್ಕೆ ಸಾಕ್ಷಿಯೇ ಎದುರಿಗಿತ್ತು. ರಾತ್ರಿ ಕಾವಲಿದ್ದು ನೋಡಿದಾಗ ಗೊತ್ತಾಯಿತು: ಇಲಿ. ಮಲಗಿದ್ದವರ ಬೆರಳನ್ನು ಇಲಿ ಕಡಿದು ತಿಂದರೂ ಅವರಿಗೆ ಎಚ್ಚರವಾಗುತ್ತಿರಲಿಲ್ಲ. ಅಲ್ಲಿಂದ ಮುಂದೆ ಮನೆಗೆ ಹೋಗುವ ರೋಗಿಗಳ ಜೊತೆ ಒಂದೊಂದು ಬೆಕ್ಕನ್ನೂ ಕಳಿಸತೊಡಗಿದರು. ವೈದ್ಯಕೀಯ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಔಷಧದ ಚೀಟಿ ಇದು.

ಕಾಲಿನ ಹುಣ್ಣಿಗೆ ಅವರು ಮತ್ತು ಸಂಗಡಿಗರು ಕೈಗೆತ್ತಿಕೊಂಡದ್ದು ಪ್ಲಾಸ್ಟರನ್ನು. ಗಾಯವನ್ನು ಪ್ಲಾಸ್ಟರಿನಲ್ಲಿ ಮುಚ್ಚಿಬಿಡುವುದು ಆ ಕಾಲಕ್ಕೆ ತೀರ ಹೊಸದಲ್ಲ. ಮೊದಲ ಮಹಾಯುದ್ಧದ ಅನುಭವದಿಂದ ಅಮೆರಿಕದ ವಿನೆಟ್ ಆರ್, ಸ್ಪೇನಿನ ಅಂತರ್ಯುದ್ಧದಲ್ಲಿ ಬಾರ್ಸಿಲೋನಾದ ಜೋಸೆಫ್ ಟ್ರುಯೇಟಾ, ಛಿದ್ರವಾದ ಕೈಕಾಲನ್ನು ಶುಚಿಮಾಡಿ ಪ್ಲಾಸ್ಟರಿನೊಳಗೆ ವಾರಗಟ್ಟಲೆ ಬಿಡುವ ಪದ್ಧತಿ ತಂದಿದ್ದರು. ಒಳಗಿನಿಂದ ಬರುವ ವಾಸನೆ ಸಹಿಸಲು ಆಗುತ್ತಿರಲಿಲ್ಲವಂತೆ; ಗಾಯ ಮಾತ್ರ ತನ್ನಷ್ಟಕ್ಕೆ ತುಂಬಿಕೊಳ್ಳುತ್ತಿತ್ತು. ದಿನಾ ಬಿಚ್ಚಿ ನೋಡುವ ವೈದ್ಯರ ಕುತೂಹಲವೇ ಗಾಯಕ್ಕೆ ಶತ್ರು ಎಂಬುದು ಅವರಿಂದ ಕಲಿಯಬೇಕಾದ ಪಾಠ. ಆದರೆ ಅಂಗಾಲಿನ ಹುಣ್ಣಿನಲ್ಲಿ ಪ್ಲಾಸ್ಟರ್ ಮಾಡುವ ಮುಖ್ಯ ಕೆಲಸ ಮುಚ್ಚುವುದಲ್ಲ, ಭಾರ ಹಂಚುವುದು. ಪಾದದ ಉಬ್ಬು ತಗ್ಗಿಗೆಲ್ಲ ಅಂಟಿಕೊಂಡಂತೆ ಪ್ಲಾಸ್ಟರ್ ಕೂತರೆ, ಹೆಬ್ಬೆರಳ ಬುಡದ ಒಂದು ರೂಪಾಯಿ ಬಿಲ್ಲೆಯಷ್ಟು ಜಾಗದ ಮೇಲೆ ಬೀಳುತ್ತಿದ್ದ ಭಾರ ಇಡೀ ಅಂಗಾಲಿಗೆ ಹರಡುತ್ತದೆ, ಒಂದು ಪಾಲು ಮೀನಖಂಡದ ಸುತ್ತಲಿನ ಗೋಡೆಗೂ ಹೋಗುತ್ತದೆ. ಕೀಲು ಬಾಗದ ಕಾರಣ ಹೆಜ್ಜೆ ಚಿಕ್ಕದಾಗುತ್ತದೆ. ಬಾವು ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ರೋಗಿ ಅದನ್ನು ಬಿಚ್ಚಿಡಲಾರ. ಇಲ್ಲದ ನೋವಿನ ಕೆಲಸವನ್ನು ಒಂದು ಸುಣ್ಣದಂಥ ಪುಡಿ ಮಾಡುತ್ತದೆ. ವರ್ಷಗಳಿಂದ ಒಸರುತ್ತಿದ್ದ ಹುಣ್ಣುಗಳು ವಾರಗಳಲ್ಲಿ ಮಾದವು.

ಇಲ್ಲಿಗೆ ಕತೆ ಸುಖಾಂತವಾಗಬೇಕಿತ್ತು. ಆಗಲಿಲ್ಲ. ಮಾದ ಕಾಲಿನಲ್ಲಿ ಮನೆಗೆ ಹೋದವರು ಕೆಲವು ತಿಂಗಳಲ್ಲಿ ಅದೇ ಜಾಗದಲ್ಲಿ ಹುಣ್ಣು ಮಾಡಿಕೊಂಡು ಮರಳಿದರು. ನೈಜೀರಿಯಾದ ಅನುಭವದಿಂದ ಅರ್ನೆಸ್ಟ್ ಪ್ರೈಸ್ ಎಂಬ ವೈದ್ಯರು 1959ರಲ್ಲಿ ಬರೆದ ಲೇಖನಗಳು ಇದಕ್ಕೆ ಕಾರಣ ಬಿಡಿಸಿಟ್ಟವು. ಹುಣ್ಣು ಬಾಯಿ ತೆರೆಯುವ ಮುಂಚೆಯೇ ಒಳಗಿನ ಮಾಂಸ ಜಜ್ಜಿ ಹೋಗಿರುತ್ತದೆ. ಮೊದಲು ಬಿಸಿ ಮತ್ತು ಬಾವು, ಆಮೇಲೆ ಒಳಗೇ ನೀರುಗುಳ್ಳೆ, ಕೊನೆಗೆ ಹೊರಗೆ ಹುಣ್ಣು. ಅಂದಮೇಲೆ ಬರಿಗಾಲಿನವರ ದೇಶದಲ್ಲಿ ಔಷಧ ಇರಬೇಕಾದ್ದು ಚಪ್ಪಲಿಯ ಅಂಗಡಿಯಲ್ಲಿ. ವೆಲ್ಲೂರಿನಲ್ಲಿ, ಆಮೇಲೆ ಹತ್ತಿರದ ಕರಿಗಿರಿಯಲ್ಲಿ 1955ರಲ್ಲಿ ಶುರುವಾದ ಸಂಶೋಧನಾಲಯದಲ್ಲಿ, ಹಲವು ವಸ್ತುಗಳನ್ನು ಪರೀಕ್ಷಿಸಿ ಕೊನೆಗೆ ನೆಚ್ಚಿಕೊಂಡದ್ದು ಮೈಕ್ರೋಸೆಲ್ಯುಲರ್ ರಬ್ಬರನ್ನು. ಆಸ್ಪತ್ರೆಯವರ ಬಾಯಲ್ಲಿ ಎಂಸಿಆರ್. ಅಸಂಖ್ಯ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರ್ ಅದು, ಆದರೆ ಸ್ಪಂಜಿನಂತೆ ತಳ ಹತ್ತುವುದಿಲ್ಲ. ಅದರ ಕೆಳಗೆ ಮುಳ್ಳು ಗಾಜು ತೂರದ ಗಟ್ಟಿ ರಬ್ಬರಿನ ಅಟ್ಟೆ, ಹಲವು ಸಲ ಹಳೆಯ ಟೈರಿನದ್ದು. ಒಂದೇ ಒಂದು ಮೊಳೆ ಇರಕೂಡದು, ಎಲ್ಲ ಹೊಲಿಗೆ ಮತ್ತು ಅಂಟು. ಮೊಳೆ ಎದ್ದರೆ ತೊಟ್ಟವರಿಗೆ ಗೊತ್ತಾಗದಲ್ಲ.

ಚಪ್ಪಲಿ ಹೊಲಿಯುವವರಿಗೆ ನಮ್ಮ ಸಮಾಜ ಯಾವ ಜಾಗ ಕೊಟ್ಟಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ಶರಣ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕತೆ ಹೇಳುವ ನಾಡಿನಲ್ಲೂ ಅದು ಬದಲಾಗಿಲ್ಲ. ಈ ಚರಿತ್ರೆಯಲ್ಲಿ ಹುಣ್ಣನ್ನು ನಿಜವಾಗಿ ತಡೆದದ್ದು ಶಸ್ತ್ರವೈದ್ಯನ ಚಾಕುವಲ್ಲ, ಮೋಚಿಯ ರಂಪಿ. ಆದರೂ ಪುಸ್ತಕಗಳಲ್ಲಿ ಉಳಿದಿರುವ ಹೆಸರು ಬ್ರ್ಯಾಂಡರದ್ದು. ಅವರ ದೊಡ್ಡತನದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಪ್ಲಾಸ್ಟರ್ ಹಚ್ಚಿದ, ಅಟ್ಟೆ ಕತ್ತರಿಸಿದ ಕೈಗಳಲ್ಲಿ ಎಷ್ಟೋ ಕೈಗಳು ಅದೇ ರೋಗದಿಂದ ಮಡಿಚಿ, ಅದೇ ಆಸ್ಪತ್ರೆಯಲ್ಲಿ ಬಿಚ್ಚಿದ ಕೈಗಳು. ಅವರು ಫೋಟೋಗಳಲ್ಲಿದ್ದಾರೆ, ಅಡಿಬರಹದಲ್ಲಿಲ್ಲ.

1966ರಲ್ಲಿ ಬ್ರ್ಯಾಂಡ್ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠ ಆಸ್ಪತ್ರೆಗೆ ಹೋದರು. ಅಲ್ಲಿ ಮತ್ತೆ ಇಲಿಗಳು ಬಂದವು, ಈ ಸಲ ಪ್ರಯೋಗಶಾಲೆಗೆ. ಇಲಿಯ ಅಂಗಾಲನ್ನು ಯಂತ್ರಕ್ಕೆ ಹಿಡಿದು, ಗಾಯ ಮಾಡದಷ್ಟು ಸಾಧಾರಣ ಒತ್ತಡವನ್ನು ದಿನಕ್ಕೆ ಸಾವಿರಾರು ಸಲ ಕೊಟ್ಟರೆ ಕೆಲವೇ ದಿನಗಳಲ್ಲಿ ಅಲ್ಲಿ ಬಾವು, ಆಮೇಲೆ ಹುಣ್ಣು. ಒಂದೇ ಹೊಡೆತ ಬೇಕಿಲ್ಲ, ಎಡೆಬಿಡದ ಪುಟ್ಟ ಪೆಟ್ಟುಗಳು ಸಾಕು. ಆರೋಗ್ಯವಂತ ಇಲಿಯ ಮಾಂಸವೂ ಹೀಗೇ ಒಡೆಯುತ್ತದೆ ಎಂದಮೇಲೆ ‘ಕೆಟ್ಟ ಮಾಂಸ’ದ ವಾದಕ್ಕೆ ಉಳಿದದ್ದೇನು? ಅಮೆರಿಕದಲ್ಲಿ ಕುಷ್ಠರೋಗಿಗಳು ಕಡಿಮೆ, ಮಧುಮೇಹದಿಂದ ಪಾದದ ಸ್ಪರ್ಶ ಕಳೆದುಕೊಂಡವರು ಲಕ್ಷಗಟ್ಟಲೆ. ಮಧುಮೇಹಕ್ಕೂ ತೂತು ಕೊರೆಯುವ ಹುಣ್ಣಿಗೂ ನಂಟಿದೆ ಎಂದು ಡೇವಿಸ್ ಪ್ರೈಸ್ ಎಂಬ ಇಂಗ್ಲಿಷ್ ವೈದ್ಯರು 1887ರಷ್ಟು ಹಿಂದೆಯೇ ‘ಲ್ಯಾನ್ಸೆಟ್’ನಲ್ಲಿ ಬರೆದಿದ್ದರು. ಕುಷ್ಠದವರ ಪ್ಲಾಸ್ಟರ್ ಈಗ ಸಕ್ಕರೆಯವರ ಕಾಲಿಗೆ ಬಂತು. ಇವತ್ತು ಯಾವುದೇ ಡಯಾಬಿಟೀಸ್ ಕ್ಲಿನಿಕ್ಕಿನಲ್ಲಿ ಅಂಗಾಲಿಗೆ ನೈಲಾನ್ ಎಳೆಯೊಂದನ್ನು ಒತ್ತಿ ‘ಗೊತ್ತಾಗ್ತಿದೆಯಾ?’ ಎಂದು ಕೇಳುತ್ತಾರಲ್ಲ, ಹತ್ತು ಗ್ರಾಂ ಭಾರಕ್ಕೆ ಬಾಗುವ ಆ ಎಳೆ ಪಾದ ಕಾಪಾಡುವ ಸ್ಪರ್ಶದ ಗೆರೆ ಎಂದು ಗೊತ್ತುಪಡಿಸಿದ್ದೂ ಕಾರ್ವಿಲ್‌ನಲ್ಲೇ, 1986ರಲ್ಲಿ.

1989ರಲ್ಲಿ ಅಮೆರಿಕದ ಮ್ಯೂಲರ್ ಮತ್ತು ಸಂಗಡಿಗರು ನಲವತ್ತು ಮಧುಮೇಹಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದರು. ಕಾಸ್ಟ್ ಹಾಕಿದ 21 ಜನರಲ್ಲಿ 19 ಜನರ ಹುಣ್ಣು ಸರಾಸರಿ 42 ದಿನಗಳಲ್ಲಿ ಮಾಯಿತು. ಎಂದಿನ ಡ್ರೆಸ್ಸಿಂಗ್ ಪಡೆದ 19 ಜನರಲ್ಲಿ ಮಾದದ್ದು 6 ಜನರದ್ದು, ಅದಕ್ಕೂ ಸರಾಸರಿ 65 ದಿನ. ಡ್ರೆಸ್ಸಿಂಗ್ ಗುಂಪಿನವರಿಗೂ ಕಾಲೂರಬೇಡಿ ಎಂದು ಹೇಳಿದ್ದರು. ಹೇಳುವುದಕ್ಕೂ ಆಗಗೊಡದಿರುವುದಕ್ಕೂ ಇರುವ ದೂರವೇ ಈ ಅಂಕಿಗಳು.

ಆ ದೂರ ನನಗೆ ಪುಸ್ತಕದಿಂದಲೇ ಗೊತ್ತಾಗಬೇಕಿರಲಿಲ್ಲ. ನಮ್ಮಜ್ಜಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಆಣಿಯಂತೆ ಶುರುವಾದದ್ದು ಹುಣ್ಣಾಗಿ ಹದಿನಾಲ್ಕು ತಿಂಗಳು ಇತ್ತು. ದಿನಾ ಬೆಳಿಗ್ಗೆ ತಿಂಡಿ ತಿಂದು ಡ್ರೆಸ್ಸಿಂಗ್ ಮಾಡಿಸಲು ಕ್ಲಿನಿಕ್ಕಿಗೆ ಹೋಗುತ್ತಿದ್ದಳು. ನಡೆದೇ. ಹೋಗುತ್ತ ಒಂದು ಕಿಲೋಮೀಟರ್, ಬರುತ್ತ ಒಂದು. ಆಟೋ ಮಾಡಿಕೊಂಡು ಹೋಗಜ್ಜಿ ಎಂದರೆ, ‘ನೋವೇ ಇಲ್ಲ ಕಣೇ, ದುಡ್ಡು ಯಾಕೆ ದಂಡ’ ಎನ್ನುತ್ತಿದ್ದಳು. ಮುಲಾಮು ಬದಲಾಯಿತು, ಮಾತ್ರೆ ಬದಲಾಯಿತು, ಬದನೆಕಾಯಿ ನಿಂತಿತು. ‘ಶುಗರ್ ಇರೋರಿಗೆ ಗಾಯ ಮಾಯೋದು ಕಷ್ಟ’ ಎಂದು ಕ್ಲಿನಿಕ್ಕಿನಲ್ಲಿ ಹೇಳಿದ್ದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು. ಪಾದದ ಅಡಿಗೆ ಏನು ಹಾಕಿಕೊಳ್ಳುತ್ತೀರಿ, ದಿನಕ್ಕೆ ಎಷ್ಟು ನಡೆಯುತ್ತೀರಿ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಕೊನೆಗೆ ಸೋಂಕು ಮೂಳೆಗಿಳಿದು ಎರಡು ಬೆರಳು ತೆಗೆದರು. ಶುಗರ್ ಇರೋರ ಗಾಯ ಮಾಯೋದಿಲ್ಲ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಚೆಂಗಲ್ಪಟ್ಟಿನ ‘ಕೆಟ್ಟ ಮಾಂಸ’ವೇ ನೆನಪಾಗುತ್ತದೆ.

ಪೂರ್ತಿ ಸುಳ್ಳು ಮಾತು ಎಂದು ನಾನು ಹೇಳಲಾರೆ. ಮಧುಮೇಹದಲ್ಲಿ ಕಾಲಿನ ರಕ್ತನಾಳಗಳು ಕಟ್ಟಿಕೊಂಡಿದ್ದರೆ ಹುಣ್ಣು ನಿಜಕ್ಕೂ ಮಾಯದು; ಮೊದಲು ರಕ್ತ ಹರಿಯುವಂತೆ ಮಾಡಬೇಕು. ಸೋಂಕು ಜೋರಾಗಿದ್ದರೆ ಪ್ಲಾಸ್ಟರಿನೊಳಗೆ ಮುಚ್ಚುವುದೇ ಅಪಾಯ. ಪಳಗದ ಕೈ ಹಾಕಿದ ಪ್ಲಾಸ್ಟರ್ ಎಲ್ಲಿಯೋ ಉಜ್ಜಿ ಇನ್ನೊಂದು ಹುಣ್ಣು ಮಾಡಬಹುದು, ರೋಗಿಗೆ ಅದೂ ಗೊತ್ತಾಗದು. ಸುಶ್ರುತನ ಶಾರೀರ ಮತ್ತು ಆಗಂತು ಒಂದೇ ಪಾದದಲ್ಲಿ ಕೂಡಿಕೊಂಡಿರುವ ಕಾಯಿಲೆ ಇದು. ಆದರೆ ಒಳಗಿನ ಕಾರಣಕ್ಕೆ ಮಾತ್ರೆ, ಪಥ್ಯ, ಬೈಗುಳ ಎಲ್ಲ ಇವೆ. ಹೊರಗಿನ ಕಾರಣಕ್ಕೆ ಬೇಕಾದದ್ದು ಒಂದು ಗಂಟೆ ಕೂತು ಪ್ಲಾಸ್ಟರ್ ಸುತ್ತುವವರು, ವಾರಕ್ಕೋ ಎರಡು ವಾರಕ್ಕೋ ಬಿಚ್ಚಿ ನೋಡುವವರು. ಅಂಥವರು ನಮ್ಮಲ್ಲೇ ಏನು, ಶ್ರೀಮಂತ ದೇಶದಲ್ಲೂ ವಿರಳ. 2008ರಲ್ಲಿ ಅಮೆರಿಕದ ಪಾದದ ಚಿಕಿತ್ಸಾಲಯಗಳ ಸಮೀಕ್ಷೆಯೊಂದು ಪ್ರಕಟವಾಯಿತು. ಹೆಚ್ಚಿನ ಹುಣ್ಣುಗಳಿಗೆ ಕಾಸ್ಟನ್ನೇ ಬಳಸುತ್ತೇವೆ ಎಂದ ಕೇಂದ್ರಗಳು ಶೇ. 2ಕ್ಕೂ ಕಡಿಮೆ. ಬದಲಿಗೆ ಬಿಚ್ಚಿಡಬಹುದಾದ ಬೂಟುಗಳು ಬಂದವು. ಆರ್ಮ್‌ಸ್ಟ್ರಾಂಗ್ ಎಂಬ ಪಾದತಜ್ಞರು 2003ರಲ್ಲಿ ರೋಗಿಗಳಿಗೆ ಗೊತ್ತಾಗದಂತೆ ಹೆಜ್ಜೆ ಎಣಿಸಿದಾಗ, ದಿನದ ಹೆಜ್ಜೆಗಳಲ್ಲಿ ಶೇ. 28ರಷ್ಟನ್ನು ಮಾತ್ರ ಬೂಟು ಹಾಕಿಕೊಂಡು ನಡೆದಿದ್ದರು. ಮನೆಯೊಳಗೆ ಯಾರು ಬೂಟು ಹಾಕುತ್ತಾರೆ? ಅವರ ಉಪಾಯ ಸೊಗಸಾಗಿತ್ತು: ಅದೇ ಬೂಟಿನ ಮೇಲೊಂದು ಪ್ಲಾಸ್ಟರ್ ಪಟ್ಟಿ ಸುತ್ತಿಬಿಡಿ, ಬಿಚ್ಚಲಾಗದಂತೆ. ಕಾನ್ ಮತ್ತು ಮಿಲ್ರಾಯ್ ಪಾಲ್ ಮತ್ತೆ ಬಂದಂತಾಯಿತು.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಲೆಕ್ಕದಲ್ಲಿ ಭಾರತದ ಮಧುಮೇಹಿಗಳು 10 ಕೋಟಿಗೂ ಹೆಚ್ಚು. ಇತ್ತ ಕುಷ್ಠ, ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಣೆಯಾಯಿತು ಎಂದು 2005ರ ಡಿಸೆಂಬರಿನಲ್ಲೇ ಲೆಕ್ಕ ಹಾಕಿದರು. ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ಎಂಬುದು ಆ ‘ನಿವಾರಣೆ’ಯ ಅರ್ಥ. ಇಂದಿಗೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮವರೇ. ಔಷಧ ರೋಗಾಣುವನ್ನು ಕೊಲ್ಲುತ್ತದೆ, ಸತ್ತ ನರವನ್ನು ಬದುಕಿಸುವುದಿಲ್ಲ. ದಾಖಲೆಯಲ್ಲಿ ಗುಣವಾದವರ ಅಂಗಾಲು ಸಾಯುವ ತನಕ ಮರಗಟ್ಟಿಯೇ ಇರುತ್ತದೆ. ಅವರಿಗೆ ಆರೋಗ್ಯ ಕಾರ್ಯಕರ್ತರು ಕಲಿಸುವ ಆರೈಕೆ ಬಲು ಸರಳ. ಸಂಜೆ ಇಪ್ಪತ್ತು ನಿಮಿಷ ಪಾದವನ್ನು ತಣ್ಣೀರಿನಲ್ಲಿ ನೆನೆಹಾಕುವುದು, ಜಡ್ಡುಗಟ್ಟಿದ್ದನ್ನು ಒರಟು ಕಲ್ಲಿನಲ್ಲಿ ಉಜ್ಜುವುದು, ಒದ್ದೆ ಇರುವಾಗಲೇ ಎಣ್ಣೆ ಹಚ್ಚುವುದು, ಕಾಣದ ಜಾಗವನ್ನು ಕನ್ನಡಿ ಹಿಡಿದು ನೋಡುವುದು. ನೋವು ಮಾಡಬೇಕಾದ ಕೆಲಸವನ್ನು ಕಣ್ಣಿಗೆ ವಹಿಸುವುದು.

ಮತ್ತೆ ಚಪ್ಪಲಿ. ಎಂಸಿಆರ್ ಚಪ್ಪಲಿ ಸರಕಾರದಿಂದ ಉಚಿತವಾಗಿ ಸಿಗುತ್ತದೆ, ಆದರೆ ಪಡೆದವರೆಲ್ಲ ತೊಡುವುದಿಲ್ಲ. ದಪ್ಪ ಅಟ್ಟೆಯ, ಅಗಲ ಪಟ್ಟಿಯ ಆ ಚಪ್ಪಲಿಯನ್ನು ದೂರದಿಂದಲೇ ಗುರುತು ಹಿಡಿಯಬಹುದು. ಹಿಂದೆ ಹುಣ್ಣು ನೋಡಿ ಊರಿನಿಂದ ಆಚೆ ಹಾಕುತ್ತಿದ್ದರು. ಈಗ ಹುಣ್ಣು ಬಾರದಂತೆ ತಡೆಯುವ ಚಪ್ಪಲಿಯೇ ಯಾರಿಗೆ ಏನಾಗಿತ್ತೆಂದು ಸಾರುತ್ತದೆ. ಮಗಳ ಮದುವೆಯ ಮಾತುಕತೆ ನಡೆಯುವ ದಿನ ಅದನ್ನು ಬಾಗಿಲ ಮುಂದೆ ಬಿಡುವವರು ಯಾರು? ಹಾಗಾಗಿ ಕೆಲವು ಆಸ್ಪತ್ರೆಗಳ ಚಪ್ಪಲಿ ವಿಭಾಗದವರು ಈಗ ಬೇರೆ ಬೇರೆ ಬಣ್ಣ, ಬೇರೆ ಬೇರೆ ಮಾದರಿಯಲ್ಲಿ, ಅಂಗಡಿಯ ಚಪ್ಪಲಿಯಂತೆಯೇ ಕಾಣುವ ಹಾಗೆ ಹೊಲಿಯುತ್ತಾರೆ. ಹೊರಗೆ ಸಂತೆಯಲ್ಲಿ ಸಿಗುವಂಥದ್ದೇ ಪಟ್ಟಿ, ಬಕಲು. ಮೆತ್ತನೆಯ ರಬ್ಬರ್ ಒಳಗಿರುತ್ತದೆ, ಕಾಲಿಟ್ಟವರಿಗಷ್ಟೇ ಗೊತ್ತಿರುವಂತೆ.